ಹೆದ್ದಾರಿ ಬದಿಯಲ್ಲೊಂದು ಸಮುದ್ರತಳ

ಬೆಂಗಳೂರಿನಿಂದ ಹುಬ್ಬಳ್ಳಿ ಕಡೆ ಹೊರಟವರ ಪಾಲಿಗೆ ಶಿರಾದಿಂದ ಚಿತ್ರದುರ್ಗದವರೆಗಿನ ಹಾದಿ ಕಣ್ಣುಮುಚ್ಚಿ ಕೂರುವ ಹಾದಿ. ಕ್ಯಾತಸಂದ್ರದಲ್ಲಿ ತಿಂದ ತಟ್ಟೆ ಇಡ್ಲಿ ಹೊಟ್ಟೆಯಲ್ಲಿರುತ್ತದೆ. ಹೊರಗೆ ಬಿಸಿಲು, ಕುರುಚಲು ಗಿಡ, ಬೋಳು ಗುಡ್ಡ. ಬರದ ಸೀಮೆ ಎಂದು ನಾವು ತೀರ್ಮಾನಿಸಿಬಿಟ್ಟ ಈ ನೆಲದಲ್ಲಿ ನೋಡಲು ಸಿಗುವುದೆಲ್ಲ ನೀರಿನ ಕಥೆಯೇ. ಬೆಳಗಿನ ಜಾವ ಹೊರಟರೆ ಒಂದು ದಿನಕ್ಕೆ ಸಾಕಾಗುವಷ್ಟಿದೆ.

ಹಿರಿಯೂರಿನಲ್ಲಿ ಹೆದ್ದಾರಿ ಬಿಟ್ಟು ಸುಮಾರು 20 ಕಿ.ಮೀ. ಒಳಗೆ ಹೋದರೆ ವಾಣಿವಿಲಾಸ ಸಾಗರ. ಊರಿನವರ ಬಾಯಲ್ಲಿ ಇಂದಿಗೂ ಮಾರಿಕಣಿವೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ನುಸುಳುತ್ತಿದ್ದ ವೇದಾವತಿಗೆ ಮೈಸೂರು ಸಂಸ್ಥಾನ ಅಡ್ಡ ಕಟ್ಟಿದ ಕಲ್ಲಿನ ಗೋಡೆ ಇದು. 1898ರಲ್ಲಿ ಶುರುವಾದ ಕೆಲಸ 1907ರಲ್ಲಿ ಮುಗಿಯಿತು. ಕನ್ನಂಬಾಡಿ ಕಟ್ಟೆಯ ಕೆಲಸ ಆಗಿನ್ನೂ ಶುರುವಾಗಿರಲಿಲ್ಲ. ಹೆಸರು, ಮಗ ಪ್ರಾಪ್ತ ವಯಸ್ಸಿಗೆ ಬರುವವರೆಗೆ ರಾಜ್ಯಭಾರ ನಡೆಸಿದ ವಾಣಿವಿಲಾಸ ಸನ್ನಿಧಾನದ ಮಹಾರಾಣಿಯದು. ಕಟ್ಟೆಯ ಮೇಲಿನ ಮಂಟಪಗಳ ಅಂದ ನೋಡಿದರೆ, ಅಣೆಕಟ್ಟೆಗೂ ಅಲಂಕಾರ ಬೇಕೆಂದು ಬಗೆದ ಕಾಲವೊಂದಿತ್ತು ಅನ್ನಿಸುತ್ತದೆ.

ಇಷ್ಟು ಚಂದದ ಕಟ್ಟೆಗೆ ನೀರು ಮಾತ್ರ ಅಪರೂಪ. 1933ರಲ್ಲಿ ಕೋಡಿ ಬಿದ್ದ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ. ಆಗ ಊರೂರುಗಳಿಂದ ಜನ ಜಾತ್ರೆಗೆ ಬಂದಂತೆ ಬಂದರು. ಅಜ್ಜಂದಿರು ಹೇಳುತ್ತಿದ್ದ ಕೋಡಿಯನ್ನು ಮೊಮ್ಮಕ್ಕಳು ಕಂಡರು. 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿತು. ಈಗ ಭದ್ರೆಯ ನೀರೂ ಇತ್ತ ಹರಿದು ಬರುತ್ತಿರುವುದರಿಂದ ಇನ್ನು 89 ವರ್ಷ ಕಾಯುವ ಪ್ರಸಂಗ ಬರಲಿಕ್ಕಿಲ್ಲ.

ಹಿರಿಯೂರಿಗೆ ವಾಪಸಾಗಿ ಚಿತ್ರದುರ್ಗದ ಕಡೆ ತಿರುಗಿದರೆ ಐಮಂಗಲದ ಆಸುಪಾಸಿನಲ್ಲಿ ಮರಡಿಹಳ್ಳಿ ಸಿಗುತ್ತದೆ. ನನ್ನ ಮಟ್ಟಿಗೆ ಇಡೀ ದಾರಿಯ ಮುಖ್ಯ ನಿಲ್ದಾಣ ಇದೇ. ದೂರದಿಂದ ನೋಡಿದರೆ ಏನೂ ಇಲ್ಲ, ಒಂದಿಷ್ಟು ಕಲ್ಲುಬಂಡೆ. ಹತ್ತಿರ ಹೋದರೆ ಅಕ್ಕಿಮೂಟೆಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಉಬ್ಬುಬ್ಬಾದ ಕಲ್ಲುಗಳು, ಬೂದು ಬಣ್ಣದಲ್ಲಿ ಹಸಿರಿನ ಛಾಯೆ. ಕಡಲ ತಳ ಬಿರಿದು ಲಾವಾ ಉಕ್ಕಿದಾಗ, ನೀರು ತಾಗಿದ ಕ್ಷಣ ಅದರ ಮೇಲ್ಮೈ ಹೆಪ್ಪುಗಟ್ಟುತ್ತದೆ. ಒಳಗೆ ಕುದಿಯುವ ದ್ರವ ಆ ಸಿಪ್ಪೆಯನ್ನು ಉಬ್ಬಿಸಿ, ಸೀಳಿ, ಪಕ್ಕದಲ್ಲಿ ಇನ್ನೊಂದು ಉಬ್ಬಾಗಿ ಹೊರಬರುತ್ತದೆ. ಮೇಲೆ ಬಂದು ಬಿದ್ದದ್ದು ಕೆಳಗಿನವುಗಳ ಸಂದಿಗೆ ಒತ್ತಿಕೊಂಡು ಕೂರುತ್ತದೆ. ಹಾಗಾಗಿ ಒಂದೊಂದರ ಬೆನ್ನು ದುಂಡಗೆ, ಬುಡ ಚೂಪಾಗಿರುತ್ತದೆ. ಆಮೇಲೆ ಭೂಮಿ ಎಷ್ಟು ಮಗುಚಿದ್ದರೂ ಅಂದಿನ ಮೇಲುಗಡೆ ಯಾವುದೆಂದು ಭೂವಿಜ್ಞಾನಿಗಳು ಈ ಆಕಾರ ನೋಡಿಯೇ ಹೇಳುತ್ತಾರೆ. ಇವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಕುರಿ ಮೇಯುವ ಈ ಬಯಲು ಆಗ ಕಡಲಿನಡಿ ಇತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಬೆಂಗಳೂರಿಗರು ವಾಕಿಂಗ್ ಹೋಗುವ ಲಾಲ್‌ಬಾಗಿನ ಬಂಡೆಗೂ, ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳಿಗೂ ಇದೇ ಮಾನ್ಯತೆ ಇದೆ. ಅಲ್ಲಿಗೆ ಹೋಗುವವರಲ್ಲಿ ನೂರಕ್ಕೊಬ್ಬರು ಇತ್ತ ಬಂದರೂ ಮರಡಿಹಳ್ಳಿಯಲ್ಲಿ ನಿಲ್ಲಲು ಜಾಗ ಸಾಲದು.

ಅಲ್ಲಿಂದ ದುರ್ಗ ಹತ್ತಿರ. ಗುಡ್ಡದ ನೆತ್ತಿಗಳ ಮೇಲೆ ತಿರುಗುವ ಗಾಳಿಯಂತ್ರಗಳು ದಾರಿ ತೋರಿಸುತ್ತವೆ. ಕೋಟೆಯಲ್ಲಿ ಎಲ್ಲರೂ ಓಬವ್ವನ ಕಿಂಡಿಗೆ ಓಡುತ್ತಾರೆ, ಓಡಲಿ. ಆದರೆ ಹೊಂಡಗಳ ಸಾಲನ್ನು ಬಿಡಬಾರದು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ಹೆಚ್ಚಾದ ಮಳೆನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆಹೊಂಡಕ್ಕೆ ಇಳಿಯುವ ಏರ್ಪಾಡು ಅದು. ಮಳೆಕೊಯ್ಲಿನ ಪಾಠವನ್ನು ಪಾಳೆಯಗಾರರು ಬಂಡೆಯಲ್ಲೇ ಬರೆದಿಟ್ಟಿದ್ದಾರೆ. ಬೆಟ್ಟದ ಬುಡದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನವಿದೆ. ನಾಲ್ಕನೆಯ ಶತಮಾನದ ಆ ಪ್ರಾಕೃತ ಬರಹದ ವಿಷಯವೂ ಕೆರೆಯೇ.

ಸೆಪ್ಟೆಂಬರಿನಿಂದ ಜನವರಿಯವರೆಗೆ ಈ ದಾರಿ ಚಂದ, ಏಪ್ರಿಲ್‌ನಲ್ಲಿ ಹೋದರೆ ಕಲ್ಲಿನ ಕಾವೇ ಹಣ್ಣು ಮಾಡುತ್ತದೆ. ಮರಡಿಹಳ್ಳಿಯ ಹತ್ತಿರ ನೆರಳು ಕಡಿಮೆ, ಕುಡಿಯುವ ನೀರು ಜೊತೆಗಿರಲಿ. ಕೋಟೆಯನ್ನೂ ಚಂದ್ರವಳ್ಳಿಯನ್ನೂ ಅದೇ ದಿನ ಮುಗಿಸಹೊರಟರೆ ಯಾವುದನ್ನೂ ನೋಡಿದಂತಾಗುವುದಿಲ್ಲ, ಎರಡರಲ್ಲೊಂದನ್ನು ಆರಿಸಿಕೊಳ್ಳಿ. ಒಂದೇ ಕೋರಿಕೆ: ಮರಡಿಹಳ್ಳಿಯ ಕಲ್ಲಿನ ಚೂರೊಂದನ್ನೂ ನೆನಪಿಗೆಂದು ಒಡೆದು ತರಬೇಡಿ, ಅದರ ಮೇಲೆ ಹೆಸರನ್ನೂ ಗೀಚಬೇಡಿ.