ನಿಘಂಟು ನೋಡಲು ಮಕ್ಕಳಿಗೆ ಕಲಿಸಿ

3ನೇ ಕ್ಲಾಸಿನ ಮಗು ಪಾಠದಲ್ಲಿನ ಕಠಿಣ ಪದವೊಂದರ ಅರ್ಥ ಕೇಳಿದರೆ ತಾಯಿಗೆ ಮುಜುಗರವಾಗುವುದುಂಟು. ನಾವು ಹೆಚ್ಚು ಓದದಿದ್ದರೇನಂತೆ! ಮನೆಯಲ್ಲೊಂದು ಕನ್ನಡ ನಿಘಂಟು ಇರಲಿ; ಸಾಹಿತ್ಯ ಪರಿಷತ್ತಿನ ಚಿಕ್ಕ ‘ಕನ್ನಡ ರತ್ನಕೋಶ’ವಾದರೂ ಸರಿ. ಕಾಗುಣಿತ ಬಂದರೆ ಬೀಗದ ಕೈ ಸಿಕ್ಕಂತೆಯೇ.

ಮೊದಲು ಕಮಲ, ಕಾಗೆ, ಕಿವಿ ಅಂತ ಚೀಟಿಗಳಲ್ಲಿ ಬರೆದು, ಕಾಗುಣಿತದ ಕ್ರಮದಲ್ಲಿ ಜೋಡಿಸಲು ಹೇಳಿ. ಆಮೇಲೆ ನಿಘಂಟು ಕೊಡಿ. ‘ಕ್ಷಮೆ’ಯನ್ನು ಮಕ್ಕಳು ‘ಳ’ ಆದಮೇಲೆ ಹುಡುಕುತ್ತಾರೆ. ಅದಿರುವುದು ‘ಕ’ದಲ್ಲೇ, ‘ಕೌ’ ಮುಗಿದ ನಂತರ. ‘ಜ್ಞಾನ’ವೂ ಹಾಗೆಯೇ, ‘ಜ’ದ ಕೊನೆಯಲ್ಲಿ. ‘ಹೋದಳು’ ಸಿಗದು, ‘ಹೋಗು’ ನೋಡಬೇಕು. ‘ಮರಗಳಲ್ಲಿ’ ಎಂಬುದಕ್ಕೆ ‘ಮರ’.

ದಿನಕ್ಕೊಂದು ಪದ ಸಾಕು. ತಡವಾದರೂ ನೀವು ಹುಡುಕಿ ಕೊಡಬೇಡಿ. ಯಾರನ್ನೂ ಕಾಯದೆ ತಾನೇ ತಿಳಿದುಕೊಳ್ಳುವ ಧೈರ್ಯ ಮಗುವಿಗೆ ಬರಲಿ. ಅದಕ್ಕಿಂತ ಆಸ್ತಿ ಬೇರೆ ಬೇಕೆ?