ಅಳತೆಗೊಂದು ತುಂಡು: ಸಕ್ಕರೆ ಕ್ಯೂಬಿನ ದಿನಗಳು

ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಬಹುಕಾಲ ಸಕ್ಕರೆ ಮನೆಗೆ ಬರುತ್ತಿದ್ದುದು ಶಂಕುವಿನಾಕಾರದ ದೊಡ್ಡ ಗಟ್ಟಿಯಾಗಿ. ಅದನ್ನು ಸುತ್ತಿಗೆಯಿಂದ ಒಡೆದು ಇಕ್ಕಳದಿಂದ ಚೂರು ಮಾಡಿಕೊಳ್ಳಬೇಕಾಗಿದ್ದುದರಿಂದ ತುಂಡುಗಳು ಒಂದರಂತೆ ಒಂದು ಇರುತ್ತಿರಲಿಲ್ಲ, ಕೈಗೆ ಪೆಟ್ಟಾಗುವುದೂ ಇತ್ತು. ಇಂದಿನ ಚೆಕ್ ಗಣರಾಜ್ಯದ ದಾಚಿತ್ಸೆ ಪಟ್ಟಣದಲ್ಲಿ ಸಕ್ಕರೆ ಕಾರ್ಖಾನೆಯನ್ನು ನಡೆಸುತ್ತಿದ್ದ ಯಾಕೋಬ್ ಕ್ರಿಸ್ಟೋಫ್ ರಾಡ್‌ನ ಪತ್ನಿ ಯೂಲಿಯಾನಾ ಹೀಗೆ ಬೆರಳು ಕೊಯ್ದುಕೊಂಡು, ಸಮನಾದ ತುಂಡುಗಳನ್ನೇ ತಯಾರಿಸಬಾರದೇಕೆಂದು ಗಂಡನನ್ನು ಕೇಳಿದಳೆಂಬುದು ಪ್ರಚಲಿತ ಕಥೆ. ಸಕ್ಕರೆ ಕ್ಯೂಬಿಗಾಗಿ ಅವನಿಗೆ 1843ರಲ್ಲಿ ಪೇಟೆಂಟ್ ದೊರೆತದ್ದು ಮಾತ್ರ ಇತಿಹಾಸ.

ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ಕಾಯಿಸಿದ ಪಾಕ ಎರೆದು ಮಾಡಿದರೆ, ಕ್ಯೂಬನ್ನು ತುಸು ತೇವ ಮಾಡಿದ ಸಕ್ಕರೆ ಹರಳುಗಳನ್ನು ಅಚ್ಚಿನಲ್ಲಿ ಒತ್ತಿ ಒಣಗಿಸಿ ಮಾಡಲಾಗುತ್ತದೆ. ಹರಳುಗಳ ಮೇಲ್ಮೈಯಲ್ಲಿ ಕರಗಿದ ಸಕ್ಕರೆಯ ತೆಳುಪದರ ಒಣಗುತ್ತ ಅವುಗಳನ್ನು ಒಂದಕ್ಕೊಂದು ಬೆಸೆಯುತ್ತದೆ, ಆದರೆ ನಡುವೆ ಸಣ್ಣ ಸಂದುಗಳು ಉಳಿದುಬಿಡುತ್ತವೆ. ತುಂಡಿನ ಒಂದು ಮೂಲೆಯನ್ನು ಕಾಫಿಗೆ ತಾಗಿಸಿದರೆ ಕಂದು ಬಣ್ಣ ಸರಸರನೆ ಮೇಲೇರುವುದು ಕೇಶಾಕರ್ಷಣೆಯಿಂದ, ಎಂದರೆ ಕಿರಿದಾದ ಸಂದುಗಳು ದ್ರವವನ್ನು ತಾವಾಗಿಯೇ ಎಳೆದುಕೊಳ್ಳುವ ಗುಣದಿಂದ.

ಈ ಗುಣವೇ ಕ್ಯೂಬಿಗೆ ಚಹಾದ ತಟ್ಟೆಯಾಚೆಗಿನ ಒಂದು ದೊಡ್ಡ ಕೆಲಸವನ್ನು ಕೊಟ್ಟಿತು, ಇಂದು ಹೆಚ್ಚು ನೆನೆಯಬೇಕಾದದ್ದೂ ಅದನ್ನೇ. ಆಲ್ಬರ್ಟ್ ಸೇಬಿನ್ ರೂಪಿಸಿದ ಪೋಲಿಯೊ ಲಸಿಕೆ ದುರ್ಬಲಗೊಳಿಸಿದ ಜೀವಂತ ವೈರಸ್ಸಿನದು. ಅದು ಕರುಳಿನಲ್ಲಿ ಬೆಳೆದು ರೋಗನಿರೋಧಕ ಶಕ್ತಿಯನ್ನು ಮೂಡಿಸುವುದರಿಂದ ಸೂಜಿ ಬೇಕಿರಲಿಲ್ಲ, ಬಾಯಿಗೆ ಹಾಕಿದರೆ ಸಾಕಿತ್ತು. 1960ರ ದಶಕದಲ್ಲಿ ಅಮೆರಿಕದ ಅನೇಕ ಊರುಗಳಲ್ಲಿ ಭಾನುವಾರಗಳಂದು ಈ ಲಸಿಕೆಯ ಹನಿ ಹಾಕಿದ ಸಕ್ಕರೆ ಕ್ಯೂಬಿಗಾಗಿ ಜನ ಶಾಲೆಗಳ ಮುಂದೆ ಸಾಲುಗಟ್ಟಿ ನಿಂತರು. ಬ್ರಿಟನ್ನಿನಲ್ಲೂ 1962ರಿಂದ ಮಕ್ಕಳಿಗೆ ಲಸಿಕೆಯ ಹನಿ ಹೀರಿದ ಸಕ್ಕರೆ ತುಂಡನ್ನು ಕೊಡಲಾಯಿತು. ಕಹಿಯೂ ನೋವೂ ಇಲ್ಲದ, ಚೆಲ್ಲಿಹೋಗದ, ಪ್ರತಿ ಮಗುವಿಗೂ ಒಂದೊಂದಾಗಿ ಎಣಿಸಿ ಕೊಡಬಹುದಾದ ಇಂಥ ವಾಹಕ ಅಂಗಡಿಯಲ್ಲೇ ಸಿದ್ಧವಾಗಿ ಸಿಗುತ್ತಿದ್ದುದು ವೈದ್ಯಲೋಕದ ಭಾಗ್ಯವೇ ಸರಿ. ಆ ತಲೆಮಾರಿನ ಎಷ್ಟೋ ಜನರಿಗೆ ಲಸಿಕೆಯೆಂದರೆ ಇಂದಿಗೂ ನೆನಪಾಗುವುದು ನಾಲಿಗೆಯ ಮೇಲೆ ಕರಗಿದ ಆ ತುಂಡು.

ಒಂದೋ ಎರಡೋ ಎಂದು ಅತಿಥಿಯನ್ನು ಕೇಳಿ ಚಿಕ್ಕ ಇಕ್ಕಳದಿಂದ ಬಟ್ಟಲಿಗೆ ಹಾಕುವ ಉಪಚಾರ, ಅಂಗೈಯಲ್ಲಿಟ್ಟು ಕುದುರೆಗೆ ತಿನ್ನಿಸುವ ರೂಢಿ ಇವೆಲ್ಲ ಅಳತೆಯ ಸಕ್ಕರೆಯನ್ನು ಕಾಗದದ ಪೊಟ್ಟಣಗಳು ವಹಿಸಿಕೊಂಡ ಮೇಲೆ ವಿರಳವಾದವು. ಸಕ್ಕರೆಯ ಬಗೆಗಿನ ಆರೋಗ್ಯದ ಎಚ್ಚರವೂ ಅದಕ್ಕೆ ಜೊತೆಗೂಡಿತು. ಇರಾನಿನಲ್ಲಿ ಮಾತ್ರ ಸಕ್ಕರೆ ತುಂಡು ಹಳೆಯ ನೆನಪಾಗಿಲ್ಲ: ಗಟ್ಟಿ ಸಕ್ಕರೆಯ ತುಂಡನ್ನು ಹಲ್ಲುಗಳ ನಡುವೆ ಹಿಡಿದು, ಹಾಲಿಲ್ಲದ ಬಿಸಿ ಚಹಾವನ್ನು ಅದರ ಮೂಲಕ ಹೀರುವುದು ಅಲ್ಲಿ ಈಗಲೂ ದಿನನಿತ್ಯದ ಪದ್ಧತಿ.