ಅವಧಾನವನ್ನು ನಡೆಸುವ ಅಪ್ರಕಟಸ್ಮೃತಿ

ಕಣ್ಣು ತನ್ನೆದುರಿಗಿರುವುದೆಲ್ಲವನ್ನೂ ಏಕಕಾಲದಲ್ಲಿ ವಿವರವಾಗಿ ಗ್ರಹಿಸಲಾರದು. ಹಲವು ವಸ್ತುಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಮನೋವ್ಯಾಪಾರಕ್ಕೆ ಅವಧಾನವೆಂದು ಹೆಸರು. ಹೊಳೆಯುವ ಬಣ್ಣ, ಥಟ್ಟನೆ ತೋರುವ ಚಲನೆ ಇವು ಅದನ್ನು ಹೊರಗಿನಿಂದ ಸೆಳೆಯುವುವು; ನೋಡುವವನ ಉದ್ದೇಶವು ಒಳಗಿನಿಂದ ನಡೆಸುವುದು. ಇವೆರಡಲ್ಲದೆ ಮೂರನೆಯ ಪ್ರೇರಕವೊಂದುಂಟು. ಹಿಂದೆ ಕಂಡುದರ ಸಂಸ್ಕಾರವು, ನೆನಪೆಂದು ತೋರಿಕೊಳ್ಳದೆಯೇ, ದೃಷ್ಟಿಗೆ ದಾರಿತೋರಬಲ್ಲುದು.

ಇದನ್ನು 1998ರಲ್ಲಿ ಪ್ರಯೋಗದಿಂದ ತೋರಿಸಿದವರು ಯೇಲ್ ವಿಶ್ವವಿದ್ಯಾನಿಲಯದ ಮಾರ್ವಿನ್ ಚುನ್ ಮತ್ತು ಯುಹಾಂಗ್ ಜಿಯಾಂಗ್. ಪರದೆಯ ಮೇಲೆ 12 ಆಕೃತಿಗಳು ಚದರಿರುವುವು. 11 ರೋಮನ್ ಲಿಪಿಯ ‘ಎಲ್’, ಒಂದು ಮಾತ್ರ ಪಕ್ಕಕ್ಕೆ ಮಲಗಿದ ‘ಟಿ’. ಅದನ್ನು ಹುಡುಕಿ, ಎಡಕ್ಕೆ ತಿರುಗಿದೆಯೋ ಬಲಕ್ಕೆ ತಿರುಗಿದೆಯೋ ಎಂಬುದನ್ನು ಗುಂಡಿಯೊತ್ತಿ ತಿಳಿಸಬೇಕು. ಪ್ರತಿ ಸುತ್ತಿನಲ್ಲಿಯೂ 12 ವಿನ್ಯಾಸಗಳು ಹಿಂದಿನವೇ, 12 ಹೊಸವು. ಹಳೆಯ ವಿನ್ಯಾಸದಲ್ಲಿ ‘ಟಿ’ಯ ಸ್ಥಾನವು ಬದಲಾಗದು; ದಿಕ್ಕು ಮಾತ್ರ ಬದಲಾಗುತ್ತಿರುವುದು. ಆದಕಾರಣ ಉತ್ತರವನ್ನು ಕಂಠಪಾಠ ಮಾಡುವಂತಿಲ್ಲ. ಹೊಸ ವಿನ್ಯಾಸಗಳಲ್ಲಿಯೂ ‘ಟಿ’ಯ ಸ್ಥಾನಗಳು ಅಷ್ಟೇ ಸಾರಿ ಮರುಕಳಿಸುವುದರಿಂದ, ಸ್ಥಾನಪರಿಚಯವೊಂದೇ ವ್ಯತ್ಯಾಸಕ್ಕೆ ಕಾರಣವೆನ್ನಲಾಗದು. ಕೆಲವೇ ಆವೃತ್ತಿಗಳಾದ ಮೇಲೆ ಹಳೆಯ ವಿನ್ಯಾಸಗಳಲ್ಲಿ ಉತ್ತರವು ಬೇಗ ಬರತೊಡಗಿತು. ಉಳಿತಾಯವು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ಕಡಮೆ. ಸುತ್ತಣ ಅಕ್ಷರಗಳ ವಿನ್ಯಾಸವೇ ‘ಟಿ’ಯ ನೆಲೆಗೆ ಸೂಚಕವಾಯಿತೆಂಬುದು ಇದರ ತಾತ್ಪರ್ಯ. ಆದರೂ ಕಂಡ ವಿನ್ಯಾಸವಾವುದು, ಕಾಣದುದಾವುದು ಎಂದು ಕೇಳಿದಾಗ ಅವರ ಉತ್ತರವು ಬರಿಯ ಊಹೆಗಿಂತ ಮೇಲಾಗಿರಲಿಲ್ಲ.

ಈ ಸ್ಮೃತಿಗೆ ಮಿದುಳಿನಲ್ಲಿ ಆಶ್ರಯವೆಲ್ಲಿ? ಅಪ್ರಕಟಸ್ಮೃತಿಯು ಮರೆವಿನ ರೋಗಿಗಳಲ್ಲಿಯೂ ಬಹುಮಟ್ಟಿಗೆ ಅಳಿಯದೆ ಉಳಿದಿರುವುದು. ಆದರೆ 1999ರಲ್ಲಿ ಚುನ್ ಮತ್ತು ಎಲಿಜಬೆತ್ ಫೆಲ್ಪ್ಸ್ ಪರೀಕ್ಷಿಸಿದ ಅಂತಹ ರೋಗಿಗಳಲ್ಲಿ ಹುಡುಕುವ ಕೌಶಲವು ಬೆಳೆಯಿತೇ ಹೊರತು ವಿನ್ಯಾಸದ ಲಾಭವು ಕಾಣಲಿಲ್ಲ. 2001ರಲ್ಲಿ ಮ್ಯಾನ್ಸ್ ಮತ್ತು ಸ್ಕ್ವೈರ್ ಇನ್ನೊಂದು ಭೇದವನ್ನು ತೋರಿಸಿದರು: ಹಾನಿಯು ಹಿಪ್ಪೊಕ್ಯಾಂಪಸಿಗೆ ಮಾತ್ರ ಸೀಮಿತವಾಗಿದ್ದವರಲ್ಲಿ ಲಾಭವು ಉಳಿದಿದ್ದಿತು, ಸುತ್ತಣ ಭಾಗಗಳಿಗೂ ಹಬ್ಬಿದ್ದವರಲ್ಲಿ ಇರಲಿಲ್ಲ.

‘ಅಪ್ರಕಟ’ವೆಂಬ ವಿಶೇಷಣವೂ ವಿವಾದಕ್ಕೆ ಹೊರತಾದುದಲ್ಲ. ಗುರುತಿಸುವ ಪರೀಕ್ಷೆಗಳು ಚಿಕ್ಕವಾದುದರಿಂದ ಕ್ಷೀಣವಾದ ಅರಿವು ಅವುಗಳಿಗೆ ಸಿಕ್ಕದಿರಬಹುದು. 2016ರಲ್ಲಿ ವಾಡಿಲ್ಲೊ ಮತ್ತು ಸಂಗಡಿಗರು ಅನೇಕ ಪ್ರಯೋಗಗಳ ಫಲಗಳನ್ನು ಒಟ್ಟುಗೂಡಿಸಿ ನೋಡಲಾಗಿ, ಊಹೆಯನ್ನು ಮೀರಿದ ಅಲ್ಪ ಪ್ರಮಾಣದ ಅರಿವು ಕಂಡುಬಂದಿತು. ಅರಿವು ಕಾಣದಿರುವುದು ಬೇರೆ, ಅರಿವು ಇಲ್ಲದಿರುವುದು ಬೇರೆ. ಹಿಂದಿನ ನೋಟವು ಇಂದಿನ ನೋಟವನ್ನು ನಡೆಸುವುದೆಂಬುದು ಸಿದ್ಧವಾದ ವಿಷಯ. ಅದು ಸಂಪೂರ್ಣವಾಗಿ ಅರಿವಿನ ಹೊರಗೆ ನಡೆಯುವುದೆಂಬುದು ಇನ್ನೂ ಸಾಧಿಸಬೇಕಾದ ವಿಷಯ.